ರಾಗಿ ಬೇರಿನ ಮಣ್ಣೊರೆ: ಮಳೆ ಕೈಕೊಟ್ಟಾಗ ಬ್ಯಾಕ್ಟೀರಿಯಾ ಮಾಡುವ ಕೆಲಸ

ಎಲ್ಲರಿಗೂ ನಮಸ್ಕಾರ.

ಮೊದಲು ಈ ಗಿಡವನ್ನು ನೋಡಿ. ಬಿತ್ತಿ ಸುಮಾರು ಒಂದು ತಿಂಗಳಾದ ರಾಗಿ ಪೈರು. ಗುದ್ದಲಿಯಿಂದ ಸುತ್ತ ಮಣ್ಣು ಸಡಿಲಿಸಿ, ಬುಡ ಹಿಡಿದು ಮೆಲ್ಲಗೆ ಎತ್ತಿ, ಎರಡು ಸಲ ಕೊಡವಿದ್ದೇವೆ. ಪುಡಿಮಣ್ಣೆಲ್ಲ ಉದುರಿತು. ಆದರೂ ಬೇರನ್ನು ಸುತ್ತಿಕೊಂಡು ಒಂದು ಪದರ ಮಣ್ಣು ಉಳಿದಿದೆ, ಕತ್ತಿಗೆ ಒರೆ ಹಾಕಿದ ಹಾಗೆ. ತುದಿ ಮಾತ್ರ ಬೆಳ್ಳಗೆ, ಬರಿದಾಗಿದೆ. ಅಲ್ಲಿ ಇನ್ನೂ ಬೇರುಕೂದಲು ಹುಟ್ಟಿಲ್ಲ. ಈ ಒರೆ ಇಲ್ಲಿ ನಿಂತಿರುವುದು ಬೇರುಕೂದಲಿನ ಹಿಡಿತದಿಂದ, ಜೊತೆಗೆ ಬೇರು ಮತ್ತು ಬ್ಯಾಕ್ಟೀರಿಯಾ ಎರಡೂ ಸ್ರವಿಸುವ ಅಂಟಿನಿಂದ. ರಾಗಿ, ಸಜ್ಜೆ, ಜೋಳದ ಬೇರಿನಲ್ಲಿ ಇದನ್ನು ಬರಿಗಣ್ಣಿಗೇ ಕಾಣಬಹುದು.

ಬೇರಿನ ಪ್ರಭಾವಕ್ಕೆ ಒಳಗಾದ ಈ ತೆಳು ಮಣ್ಣಿಗೆ 1904ರಲ್ಲಿ ಜರ್ಮನಿಯ ಲೊರೆನ್ಜ್ ಹಿಲ್ಟ್ನರ್ ರೈಜೋಸ್ಫಿಯರ್ ಎಂದು ಹೆಸರಿಟ್ಟರು. ಗಿಡ ತಾನು ಎಲೆಯಲ್ಲಿ ತಯಾರಿಸಿದ ಸಕ್ಕರೆಯ ಒಂದು ಪಾಲನ್ನು ಬೇರಿನಿಂದ ಹೊರಗೆ ಬಿಡುತ್ತದೆ. ಅದನ್ನು ಉಣ್ಣಲು ಬರುವ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಗಿಡಕ್ಕೆ ಪ್ರತಿಫಲ ಕೊಡುತ್ತವೆ. ಮಳೆ ನಿಂತು ಹೊಲ ಒಣಗುವಾಗ ಆ ಪ್ರತಿಫಲ ಏನು, ಅದನ್ನು ಪಡೆಯಲು ನಾವೇನು ಮಾಡಬೇಕು ಎಂಬುದೇ ಇವತ್ತಿನ ವಿಷಯ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಬ್ಯಾಕ್ಟೀರಿಯಾ ನೀರನ್ನು ಹುಟ್ಟಿಸುವುದಿಲ್ಲ. ಮಣ್ಣಿನ ತೇವ ಪೂರ್ತಿ ಆರಿದ ಮೇಲೆ ಅಂಗಡಿಯಲ್ಲಿ ಸಿಗುವ ಯಾವ ಬ್ಯಾಕ್ಟೀರಿಯಾ ಪ್ಯಾಕೆಟ್ಟೂ ಪೈರನ್ನು ಉಳಿಸದು. ಅದರಿಂದ ಸಿಗುವುದು ಎರಡು ಮಳೆಗಳ ನಡುವಿನ ಒಣ ದಿನಗಳನ್ನು ಕಡಿಮೆ ನಷ್ಟದಲ್ಲಿ ದಾಟುವ ಶಕ್ತಿ, ಮತ್ತೆ ಮಳೆ ಬಂದಾಗ ಬೇಗ ಚೇತರಿಸಿಕೊಳ್ಳುವ ಶಕ್ತಿ.

ಈ ಚೇತರಿಕೆ ಹೇಗೆ ಆಗುತ್ತದೆ ನೋಡೋಣ. ಬಾಳೆಕಾಯಿಯನ್ನು ಹಣ್ಣಾಗಿಸುವ ಎಥಿಲೀನ್ ಅನಿಲ ನಿಮಗೆಲ್ಲ ಗೊತ್ತು. ನೀರಿನ ಕೊರತೆಯಾದಾಗ ಗಿಡವೂ ಇದನ್ನು ಹೆಚ್ಚಾಗಿ ತಯಾರಿಸುತ್ತದೆ. ಅದು ಮಿತಿ ಮೀರಿದರೆ ಬೇರು ಬೆಳೆಯುವುದು ನಿಲ್ಲುತ್ತದೆ, ಕೆಳಗಿನ ಎಲೆ ಹಳದಿಗೆ ತಿರುಗುತ್ತದೆ. ಅಂದರೆ ಬೇರು ಆಳಕ್ಕೆ ಇಳಿಯಬೇಕಾದ ಹೊತ್ತಿಗೇ ಗಿಡ ಅದರ ಬೆಳವಣಿಗೆಯನ್ನು ತಡೆದುಕೊಳ್ಳುತ್ತದೆ. ಎಥಿಲೀನಿಗೆ ಕಚ್ಚಾವಸ್ತು ಎಸಿಸಿ ಎಂಬ ಸಂಯುಕ್ತ. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಎಸಿಸಿ ಡಿಅಮಿನೇಸ್ ಎಂಬ ಕಿಣ್ವ ಇದೆ. ಅವು ಬೇರಿನಿಂದ ಹೊರಬಂದ ಎಸಿಸಿಯನ್ನು ಅಮೋನಿಯಾ ಮತ್ತು ಆಲ್ಫಾ ಕೀಟೋಬ್ಯೂಟಿರೇಟ್ ಆಗಿ ಒಡೆದು ತಮ್ಮ ಆಹಾರ ಮಾಡಿಕೊಳ್ಳುತ್ತವೆ. ಕಚ್ಚಾವಸ್ತು ಕಡಿಮೆಯಾದಂತೆ ಎಥಿಲೀನೂ ಕಡಿಮೆಯಾಗುತ್ತದೆ, ಬೇರು ಬೆಳೆಯುತ್ತಲೇ ಇರುತ್ತದೆ. ಕೆನಡಾದ ಬರ್ನಾರ್ಡ್ ಗ್ಲಿಕ್ ಮತ್ತು ಜೊತೆಗಾರರು 1998ರಲ್ಲಿ ಈ ವಿವರಣೆಯನ್ನು ಮುಂದಿಟ್ಟರು.

2004ರಲ್ಲಿ ಮಾಯಕ್, ತಿರೋಶ್ ಮತ್ತು ಗ್ಲಿಕ್ ಪ್ರಕಟಿಸಿದ ಪ್ರಯೋಗವನ್ನು ಗಮನವಿಟ್ಟು ಕೇಳಿ. ಇಸ್ರೇಲಿನ ಅರಾವಾ ಒಣಪ್ರದೇಶದಿಂದ ತೆಗೆದ ಅಕ್ರೋಮೊಬ್ಯಾಕ್ಟರ್ ಜಾತಿಯ ಒಂದು ತಳಿಯನ್ನು ಟೊಮೆಟೊ ಮತ್ತು ಮೆಣಸಿನ ಸಸಿಗಳಿಗೆ ಕೊಟ್ಟು ನೀರು ನಿಲ್ಲಿಸಿದರು. ಒಣಗುತ್ತಿದ್ದಾಗ ಗಿಡದೊಳಗಿನ ನೀರಿನ ಪ್ರಮಾಣದಲ್ಲಿ ಬ್ಯಾಕ್ಟೀರಿಯಾದಿಂದ ಏನೂ ವ್ಯತ್ಯಾಸ ಆಗಲಿಲ್ಲ. ಆದರೆ ಮತ್ತೆ ನೀರು ಕೊಟ್ಟಾಗ, ಬ್ಯಾಕ್ಟೀರಿಯಾ ಪಡೆದ ಸಸಿಗಳು ಗಮನಾರ್ಹವಾಗಿ ಚೆನ್ನಾಗಿ ಚೇತರಿಸಿಕೊಂಡವು. ಹೊಲದಲ್ಲಿ ಫಲಿತಾಂಶ ಹುಡುಕುವಾಗಲೂ ಇದು ನೆನಪಿರಲಿ. ಬಿಸಿಲಲ್ಲಿ ಎರಡೂ ಕಡೆ ಎಲೆ ಸುರುಳಿಯಾಗಿದೆ ಎಂದು ಕೈಚೆಲ್ಲಬೇಡಿ. ಮಳೆ ಬಂದ ಮಾರನೆಯ ವಾರ ಮತ್ತೆ ಹೋಗಿ ನೋಡಿ.

ಇನ್ನೊಂದು ಕೆಲಸ ಬ್ಯಾಕ್ಟೀರಿಯಾ ಸ್ರವಿಸುವ ಆ ಅಂಟಿನದು. ಹೈದರಾಬಾದಿನ ಕೇಂದ್ರೀಯ ಒಣಬೇಸಾಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಿಎಪಿ-ಪಿ45 ಎಂಬ ಸ್ಯೂಡೋಮೊನಾಸ್ ಪುಟಿಡಾ ತಳಿಯನ್ನು ಸೂರ್ಯಕಾಂತಿ ಸಸಿಗಳಿಗೆ ಕೊಟ್ಟು 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರದಲ್ಲಿ ಹೆಚ್ಚು ಸಸಿ ಬದುಕಿದವು, ಬೇರಿಗೆ ಅಂಟಿದ ಮಣ್ಣಿನ ಪ್ರಮಾಣ ಹೆಚ್ಚಿತು, ಮಣ್ಣಿನ ಕಣಗಳು ಕೂಡಿ ಆದ ಹರಳು ಗಟ್ಟಿಯಾಯಿತು. ಮಣ್ಣು ಒಣಗಿ ಕುಗ್ಗಿದಾಗ ಬೇರಿಗೂ ಮಣ್ಣಿಗೂ ನಡುವೆ ಸಂದು ಬಿಡುತ್ತದೆ, ಆ ಸಂದು ದಾಟಿ ನೀರು ಬರುವುದಿಲ್ಲ. ಅಂಟು ಆ ಸಂದನ್ನು ಬೆಸೆಯುತ್ತದೆ. ಅಜೋಸ್ಪಿರಿಲಮ್ ಎಂಬ ಬ್ಯಾಕ್ಟೀರಿಯಾವನ್ನು ನಾವು ಸಾರಜನಕಕ್ಕೆಂದೇ ಹಾಕುತ್ತೇವೆ. ಆದರೆ ಅದು ಸ್ರವಿಸುವ ಆಕ್ಸಿನ್ ಚೋದಕ ಬೇರನ್ನು ಕವಲೊಡೆಸಿ ಬೇರುಕೂದಲು ಹೆಚ್ಚಿಸುತ್ತದೆ. ಒಣಭೂಮಿಯಲ್ಲಿ ಅದರ ದೊಡ್ಡ ಉಪಕಾರ ಇದೇ ಎಂಬುದು ನಮ್ಮ ಅಭಿಪ್ರಾಯ.

ಬ್ಯಾಕ್ಟೀರಿಯಾ ಜಾತಿಯ ಹೆಸರು ನೋಡಿ ಮೋಸ ಹೋಗಬೇಡಿ. ರಾಗಿಯಲ್ಲಿ ಜಿಪಿಯು-28 ಬೇರೆ, ಎಂಎಲ್-365 ಬೇರೆ ಅಲ್ಲವೇ? ಹಾಗೆಯೇ ಸ್ಯೂಡೋಮೊನಾಸ್‌ನ ಒಂದು ತಳಿಯಲ್ಲಿ ಎಸಿಸಿ ಡಿಅಮಿನೇಸ್ ಕಿಣ್ವ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಬರ ತಾಳಿಕೆಗೆ ಎಂದು ಮಾರುವವರನ್ನು ತಳಿ ಯಾವುದು, ಯಾವ ಬೆಳೆಯಲ್ಲಿ ಪರೀಕ್ಷೆ ಆಗಿದೆ ಎಂದು ಕೇಳಿ.

ಈಗ ಲೆಕ್ಕಕ್ಕೆ ಬರೋಣ, ಏಕೆಂದರೆ ಹೆಚ್ಚಿನ ಸೋಲು ಇಲ್ಲೇ ಆಗುವುದು. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿ ರೂಪದ ಅಜೋಸ್ಪಿರಿಲಮ್‌ನ ಒಂದು ಗ್ರಾಂನಲ್ಲಿ ಕನಿಷ್ಠ 5 ಕೋಟಿ, ದ್ರವ ರೂಪದ ಒಂದು ಮಿಲಿಯಲ್ಲಿ ಕನಿಷ್ಠ 10 ಕೋಟಿ ಜೀವಂತ ಕೋಶ ಇರಬೇಕು. ರಾಗಿಗೆ ಶಿಫಾರಸು ಕೆಜಿ ಬೀಜಕ್ಕೆ 25 ಗ್ರಾಂ ಪುಡಿ. ಅಂದರೆ 125 ಕೋಟಿ ಕೋಶ. ಸಾವಿರ ಕಾಳು ಸುಮಾರು 3 ಗ್ರಾಂ ತೂಗಿದರೆ ಒಂದು ಕೆಜಿಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕಾಳು. ಹಂಚಿದರೆ ಒಂದು ಕಾಳಿನ ಪಾಲಿಗೆ ಮೂರು ಮುಕ್ಕಾಲು ಸಾವಿರ ಕೋಶ, ಅದೂ ಪುಡಿಯೆಲ್ಲ ಅಂಟಿಕೊಂಡರೆ. ಶೀಟಿನ ಸೂರಿನ ಅಂಗಡಿಯಲ್ಲಿ ಬೇಸಿಗೆಯೆಲ್ಲ ಬಿದ್ದಿದ್ದ ಪ್ಯಾಕೆಟ್ಟಿನಲ್ಲಿ ನೂರಕ್ಕೊಂದು ಕೋಶ ಬದುಕಿದ್ದರೆ ಕಾಳಿಗೆ ಸಿಗುವುದು ಮೂವತ್ತೇಳು. ಮಣ್ಣಿನಲ್ಲಿ ಮೊದಲೇ ಬೇರೂರಿರುವ ಲಕ್ಷಾಂತರ ಕೋಶಗಳ ನಡುವೆ ಈ ಮೂವತ್ತೇಳಕ್ಕೆ ಜಾಗ ಸಿಗುವುದಿಲ್ಲ. ಆದ್ದರಿಂದ ತಯಾರಿಕೆ ದಿನಾಂಕ, ಅವಧಿ ಮುಗಿಯುವ ದಿನಾಂಕ, ಕೋಶಗಳ ಸಂಖ್ಯೆ ಮೂರೂ ಚೀಲದ ಮೇಲೆ ಇವೆಯೇ ನೋಡಿ, ಬಿತ್ತನೆಗೆ ಹತ್ತಿರದ ದಿನ ಕೊಳ್ಳಿ, ಮನೆಯಲ್ಲಿ ತಂಪಾದ ನೆರಳಿನ ಮೂಲೆಯಲ್ಲಿಡಿ. ಪುಡಿ ಹಿಟ್ಟಿನಂತೆ ಒಣಗಿದ್ದರೆ ಬೇಡ. ಒಳ್ಳೆಯ ಪುಡಿಯಲ್ಲಿ 30ರಿಂದ 40 ಶೇಕಡಾ ತೇವ ಇರಬೇಕು.

ಬೀಜೋಪಚಾರ ಹೀಗೆ. ಕೂರಿಗೆ ಬಿತ್ತನೆಗೆ ಎಕರೆಗೆ 5 ಕೆಜಿ ರಾಗಿ, ಅದಕ್ಕೆ 125 ಗ್ರಾಂ ಪುಡಿ. 250 ಮಿಲಿ ನೀರಿಗೆ 25 ಗ್ರಾಂ ಬೆಲ್ಲ ಹಾಕಿ ಐದು ನಿಮಿಷ ಕುದಿಸಿ, ಪೂರ್ತಿ ಆರಿಸಿ. ಬೆರಳಿಟ್ಟರೆ ಬೆಚ್ಚಗೂ ಇರಬಾರದು. ಬೋರ್‌ವೆಲ್ ಅಥವಾ ಬಾವಿ ನೀರು ಬಳಸಿ. ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ. ಬೀಜವನ್ನು ಶುಭ್ರವಾದ ಗೋಣಿತಾಟಿನ ಮೇಲೆ ಹರಡಿ, ಪಾಕವನ್ನು ಕೈಯಿಂದ ಸ್ವಲ್ಪಸ್ವಲ್ಪವೇ ಚಿಮುಕಿಸುತ್ತ ಹೊರಳಿಸಿ. ಕಾಳು ಮಿನುಗಲು ಶುರುವಾದ ಕೂಡಲೇ ನಿಲ್ಲಿಸಿ, ಪಾಕ ಉಳಿದರೆ ಉಳಿಯಲಿ. ರಾಗಿ ಸಣ್ಣ ಕಾಳು. ಒಂದು ಹಿಡಿ ಪಾಕ ಜಾಸ್ತಿಯಾದರೆ ಉಂಡೆಯಾಗಿ ಕೂರಿಗೆಯ ತೂತು ಕಟ್ಟಿಕೊಳ್ಳುತ್ತದೆ, ಸಾಲಿನಲ್ಲಿ ಇರುವೆಯೂ ಮುತ್ತುತ್ತದೆ. ಆಮೇಲೆ ಪುಡಿ ಉದುರಿಸಿ, ಪ್ರತಿ ಕಾಳಿಗೂ ಕಪ್ಪು ಲೇಪ ಹತ್ತುವವರೆಗೆ ಅಂಗೈಯಿಂದ ಹಗುರಾಗಿ ಉಜ್ಜಿ. ನೆರಳಿನಲ್ಲಿ ಆರಿಸಿ ಅಂದೇ ಬಿತ್ತಿ. ಬಿಸಿಲಿನಲ್ಲಿ ಒಣಗಿಸಿದರೆ ಅಷ್ಟೂ ಶ್ರಮ ಹಾಳು.

ಶಿಲೀಂಧ್ರನಾಶಕ ಹಾಕುವವರು ಅದನ್ನು ಮೊದಲು ಲೇಪಿಸಿ, ಬ್ಯಾಕ್ಟೀರಿಯಾವನ್ನು ಬಿತ್ತುವ ಹೊತ್ತಿಗೆ ಕೊನೆಯಲ್ಲಿ ಕೊಡಬೇಕು. ಎರಡನ್ನೂ ಒಂದೇ ಪಾಕದಲ್ಲಿ ಕಲಸಬೇಡಿ. ಯೂರಿಯಾ, ಡಿಎಪಿ ಜೊತೆಗೂ ಬೇಡ. ಗೊಬ್ಬರದ ಉಪ್ಪು ಕೋಶದೊಳಗಿನ ನೀರನ್ನು ಎಳೆದುಬಿಡುತ್ತದೆ.

ಒಣಬಿತ್ತನೆ ಮಾಡುವವರಿಗೆ ಬೇರೆ ಮಾತು. ಹದವಿಲ್ಲದ ಮಣ್ಣಿನಲ್ಲಿ ಬೀಜ ಹತ್ತು ದಿನ ಮಳೆ ಕಾಯುತ್ತ ಬಿದ್ದಿದ್ದರೆ, ಮೇಲಿನ ಅಜೋಸ್ಪಿರಿಲಮ್, ಸ್ಯೂಡೋಮೊನಾಸ್ ಒಣಗಿ ಸಾಯುತ್ತವೆ. ಗಟ್ಟಿ ಕವಚದ ಬೀಜಕಣ ಕಟ್ಟುವ ಶಕ್ತಿ ಅವಕ್ಕಿಲ್ಲ, ಬ್ಯಾಸಿಲಸ್‌ಗೆ ಇದೆ. ಹಾಗಾಗಿ ಒಣಬಿತ್ತನೆಗೆ ಬ್ಯಾಸಿಲಸ್ ಆರಿಸಿ, ಇಲ್ಲವೇ ಹದ ಮಳೆ ಆದ ಮೇಲೆ ಗೊಬ್ಬರದ ಜೊತೆ ಸಾಲಿಗೆ ಕೊಡಿ.

ಗೊಬ್ಬರದ ದಾರಿಯೇ ನಮಗೆ ಹೆಚ್ಚು ಭರವಸೆಯದು. ಎಕರೆಗೆ 2 ಕೆಜಿ ಪುಡಿ, 100 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಮೊದಲು ತಿಪ್ಪೆಯೊಳಗೆ ಮೊಣಕೈವರೆಗೆ ಕೈ ಹಾಕಿ ನೋಡಿ. ಬಿಸಿ ತಾಗಿದರೆ ಇನ್ನೂ ಕಳಿತಿಲ್ಲ, ಅದರಲ್ಲಿ ಬ್ಯಾಕ್ಟೀರಿಯಾ ಬೇಯುತ್ತದೆ. ತಣ್ಣಗಿರುವ ಗೊಬ್ಬರಕ್ಕೆ ಪುಡಿ ಬೆರೆಸಿ ನೀರು ಚಿಮುಕಿಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಮರದ ನೆರಳಿನಲ್ಲಿ ಗುಡ್ಡೆ ಹಾಕಿ, ಒದ್ದೆ ಗೋಣಿ ಹೊದಿಸಿ, ಒಂದು ವಾರ ಬಿಡಿ. ಗೋಣಿ ಒಣಗದಂತೆ ದಿನವೂ ನೋಡಿಕೊಳ್ಳಿ. ಸಂಜೆ ಸಾಲಿಗೆ ಹಾಕಿ ಆಗಲೇ ಮಣ್ಣು ಮುಚ್ಚಿ.

ಗೊಬ್ಬರ ಬ್ಯಾಕ್ಟೀರಿಯಾದ ಊಟವೂ ಹೌದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ನಡೆದ ಮಳೆಯಾಶ್ರಿತ ರಾಗಿಯ ದೀರ್ಘಕಾಲದ ಪ್ರಯೋಗದಲ್ಲಿ, ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ಶಿಫಾರಸಿನ ರಸಗೊಬ್ಬರ ಪಡೆದ ತಾಕುಗಳು ಬರಿ ರಸಗೊಬ್ಬರದ ತಾಕುಗಳಿಗಿಂತ ಸ್ಥಿರವಾದ ಇಳುವರಿ ಕೊಟ್ಟವು. ಸಾವಯವ ಅಂಶ ಬತ್ತಿದ ಕೆಂಪು ಮಣ್ಣಿಗೆ ಬ್ಯಾಕ್ಟೀರಿಯಾ ಮಾತ್ರ ಸುರಿದರೆ, ಊಟವಿಲ್ಲದ ಮನೆಗೆ ನೆಂಟರನ್ನು ಕರೆದಂತೆ.

ಗುಳಿ ರಾಗಿ ನಾಟಿ ಮಾಡುವವರು ಪುಡಿಯನ್ನು ನೀರಿನಲ್ಲಿ ಕದಡಿ, ಸಸಿಯ ಬೇರನ್ನು ಅರ್ಧ ಗಂಟೆ ಅದ್ದಿ ನೆಡಬಹುದು.

ಒಣಹವೆ ಶುರುವಾದ ಮೇಲೆ ಇನ್ನೇನು ಮಾಡಬಹುದು? ಎಲೆಯ ಮೇಲೆ ಬದುಕುವ, ನಸುಗೆಂಪು ಬಣ್ಣದ ಮಿಥೈಲೋಬ್ಯಾಕ್ಟೀರಿಯಮ್ ಒಂದಿದೆ. ಎಲೆ ಬೆಳೆಯುವಾಗ ಹೊರಬರುವ ಮೆಥನಾಲ್ ಅದರ ಆಹಾರ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಇದನ್ನು ಪಿಪಿಎಫ್ಎಂ ಹೆಸರಿನಲ್ಲಿ ಬರ ನಿರ್ವಹಣೆಗೆ ಶೇಕಡಾ 1ರ ಸಿಂಪಡಣೆಯಾಗಿ ಶಿಫಾರಸು ಮಾಡುತ್ತದೆ. ಲೀಟರಿಗೆ 10 ಮಿಲಿ, ಅಂದರೆ 15 ಲೀಟರ್ ಕ್ಯಾನಿಗೆ 150 ಮಿಲಿ. ಮಧ್ಯಾಹ್ನ ಸುರುಳಿಯಾದ ಎಲೆ ಬೆಳಿಗ್ಗೆ ಮತ್ತೆ ಬಿಚ್ಚಿಕೊಳ್ಳುತ್ತಿರುವಾಗಲೇ ಸಂಜೆ ಸಿಂಪಡಿಸಿ. ಬೆಳಗಿನ ಹೊತ್ತೂ ಎಲೆ ಬಿಚ್ಚದ ಹಂತಕ್ಕೆ ಬಂದರೆ ತಡವಾಯಿತು. ತಾಮ್ರದ ಔಷಧಿ ಹಾಕಿದ್ದ ಕ್ಯಾನನ್ನು ಚೆನ್ನಾಗಿ ತೊಳೆಯದೆ ಬಳಸಬೇಡಿ.

ಬ್ಯಾಕ್ಟೀರಿಯಾವನ್ನು ಡ್ರಮ್ಮಿನಲ್ಲಿ ಬೆಲ್ಲದ ನೀರಿಗೆ ಹಾಕಿ ಮನೆಯಲ್ಲೇ ಹೆಚ್ಚಿಸಬಹುದೇ ಎಂದು ಅನೇಕರು ಕೇಳುತ್ತಾರೆ. ತೆರೆದ ಡ್ರಮ್ಮಿನಲ್ಲಿ ವೇಗವಾಗಿ ಹೆಚ್ಚುವುದು ಗಾಳಿ, ನೀರು, ಬೆಲ್ಲದಲ್ಲಿ ಇದ್ದ ಈಸ್ಟ್ ಮತ್ತು ಹುಳಿ ಬರಿಸುವ ಬ್ಯಾಕ್ಟೀರಿಯಾ. ನೊರೆ ಬಂತು, ಹುಳಿ ವಾಸನೆ ಬಂತು ಎಂದರೆ ನೀವು ಕೊಂಡ ತಳಿ ಅಲ್ಲಿ ಹೆಚ್ಚಿದೆ ಎಂದಲ್ಲ. ದಯವಿಟ್ಟು ಇದಕ್ಕೆ ಹಣ ಕಳೆಯಬೇಡಿ.

ಕೊನೆಯದಾಗಿ, ನಿಮ್ಮ ಹೊಲದಲ್ಲಿ ಇದು ಫಲ ಕೊಟ್ಟಿತೇ ಎಂದು ತಿಳಿಯಲು ಹೋಲಿಕೆಯ ಪಟ್ಟೆ ಬೇಕೇ ಬೇಕು. ಹೊಲವನ್ನು ಆರು ಪಟ್ಟೆ ಮಾಡಿ, ಒಂದು ಬಿಟ್ಟು ಒಂದಕ್ಕೆ ಬ್ಯಾಕ್ಟೀರಿಯಾ ಕೊಡಿ. ಉಳಿದ ಪಟ್ಟೆಯ ಬೀಜಕ್ಕೂ ಅದೇ ಬೆಲ್ಲದ ಪಾಕ ಹಚ್ಚಿ, ಇಲ್ಲದಿದ್ದರೆ ಫಲ ಬೆಲ್ಲದ್ದೋ ಬ್ಯಾಕ್ಟೀರಿಯಾದ್ದೋ ಗೊತ್ತಾಗದು. ಉಪಚರಿಸದ ಪಟ್ಟೆಗಳನ್ನು ಮೊದಲು ಬಿತ್ತಿ, ಏಕೆಂದರೆ ಲೇಪದ ಬೀಜ ಹಾದುಹೋದ ಕೂರಿಗೆ ಬಟ್ಟಲಿನಲ್ಲಿ ಪುಡಿ ಉಳಿದಿರುತ್ತದೆ. ಮಳೆ ನಿಂತು ಹತ್ತು ದಿನವಾದಾಗ ಪ್ರತಿ ಪಟ್ಟೆಯಿಂದ ಐದು ಗಿಡ ಎತ್ತಿ, ಆಗ ತೋರಿಸಿದಂತೆ ಎರಡೇ ಸಲ ಕೊಡವಿ, ಮಣ್ಣೊರೆಯ ಸಮೇತ ಬೇರನ್ನು ತೂಗಿ. ಆ ಮಣ್ಣನ್ನು ತೊಳೆದು ಬೇರನ್ನಷ್ಟೇ ಇನ್ನೊಮ್ಮೆ ತೂಗಿ, ಎರಡೂ ತೂಕ ಬರೆದಿಡಿ. ಕೊಯ್ಲಿನಲ್ಲಿ ಪ್ರತಿ ಪಟ್ಟೆಯ ಮೂರು ಕಡೆ ಒಂದೊಂದು ಚದರ ಮೀಟರ್ ಅಳೆದು ತೆನೆ ಕೊಯ್ದು, ಬೇರೆಬೇರೆ ಚೀಲದಲ್ಲಿ ಒಣಗಿಸಿ, ಬಡಿದು, ಕಾಳು ತೂಗಿ. ತೂಕ ಬರೆದಿಟ್ಟ ಪುಸ್ತಕ ತೆಗೆದುಕೊಂಡು ಬನ್ನಿ, ಅಂಕಿ ಇಟ್ಟುಕೊಂಡು ಮುಂದಿನ ಮುಂಗಾರಿಗೆ ಯಾವ ತಳಿ ಎಂದು ಮಾತಾಡೋಣ.