ಗೋಡೆಗೆ ಹೊಕ್ಕ ತೇವಕ್ಕೆ ಹೊರದಾರಿ

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನಲ್ಲಿ ಮನೆ ಕಟ್ಟಿಸುತ್ತಿರುವವರು, ಅದರಲ್ಲಿಯೂ ಅಡಿಪಾಯ ಮುಗಿಸಿ ಗೋಡೆಗೆ ಏನು ಬಳಸುವುದೆಂದು ಮೇಸ್ತ್ರಿಯ ಮುಖ ನೋಡುತ್ತಿರುವವರು, ನನ್ನ ಮಾತಿಗೆ ಕಿವಿಗೊಡಬೇಕೆಂದು ಕೋರುತ್ತೇನೆ. ನಾನು ಹೇಳಬೇಕಾದದ್ದು ಒಂದೇ: ಗೋಡೆಯೊಳಗೆ ಹೊಕ್ಕ ತೇವಕ್ಕೆ ಹೊರಗೆ ಹೋಗುವ ದಾರಿ ಇರಬೇಕು. ಹುಲ್ಲು, ಭತ್ತದ ಹೊಟ್ಟು, ತೆಂಗಿನ ನಾರು ಇವುಗಳನ್ನು ಸುಣ್ಣ ಅಥವಾ ಮಣ್ಣಿನೊಡನೆ ಕಲಸಿ ಮಾಡಿದ ಗೋಡೆಯಲ್ಲಿ ಆ ದಾರಿ ತಾನಾಗಿಯೇ ಇರುತ್ತದೆ.

ಇದನ್ನು ನಾನು ಕಾಲೇಜಿನಲ್ಲಿ ಕಲಿಯಲಿಲ್ಲ. ಚಾಮರಾಜಪೇಟೆಯ ನಮ್ಮ ಹಳೆಯ ಮನೆಯನ್ನು ಕೆಡಿಸಿ ಕಲಿತೆ. ಅದು ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಮನೆ. ಮೇಲೆ ಮದ್ರಾಸ್ ತಾರಸಿ, ಅಂದರೆ ಮರದ ಜಂತೆಗಳ ಮೇಲೆ ಇಟ್ಟಿಗೆ ಜೋಡಿಸಿ ಸುಣ್ಣದ ಗಾರೆ ಹಾಕಿದ ಚಾವಣಿ. ಇಂಜಿನಿಯರಿಂಗ್ ಮುಗಿಸಿದ ಹುಮ್ಮಸ್ಸಿನಲ್ಲಿ ನಾನು ಉದುರುತ್ತಿದ್ದ ಗಾರೆಯನ್ನು ಕೆತ್ತಿಸಿ, ಸಿಮೆಂಟ್ ಮೆತ್ತಿಸಿ, ಪ್ಲಾಸ್ಟಿಕ್ ಪೇಂಟ್ ಬಳಿಸಿದೆ. ಕೆಲಸಕ್ಕೆ ಬಂದಿದ್ದ ಹಿರಿಯ ಮೇಸ್ತ್ರಿಯವರು, "ಬೇಡ ಸ್ವಾಮಿ, ಗೋಡೆ ಬೆವರುತ್ತೆ" ಎಂದರು. ನಾನು ನಕ್ಕೆ. ಎರಡನೆಯ ಮಳೆಗಾಲಕ್ಕೆ ಪೇಂಟ್ ಹಪ್ಪಳದಂತೆ ಉಬ್ಬಿತು. ಬೀರುವನ್ನು ಸರಿಸಿ ನೋಡಿದರೆ ಹಿಂದೆ ಕಪ್ಪು ಬೂಷ್ಟು, ಒಳಗಿದ್ದ ತಾಯಿಯವರ ರೇಷ್ಮೆ ಸೀರೆಗಳಿಗೆಲ್ಲ ಮುಗ್ಗಲು ವಾಸನೆ. ಅದೇ ಕೋಣೆಯಲ್ಲಿ ಮಲಗುತ್ತಿದ್ದ ಅಕ್ಕನ ಮಗುವಿಗೆ ರಾತ್ರಿಯೆಲ್ಲ ಉಬ್ಬಸ. ನೆಲದ ತೇವ ಹಿಂದೆಯೂ ಗೋಡೆಗೆ ಏರುತ್ತಿತ್ತು. ಆದರೆ ಸುಣ್ಣದ ಮೂಲಕ ಆರಿಹೋಗುತ್ತಿತ್ತು. ನಾನು ಆ ದಾರಿಗೆ ಬಿರಡೆ ಜಡಿದಿದ್ದೆ.

ಕೊನೆಗೆ ಅದೇ ಮೇಸ್ತ್ರಿಯವರನ್ನು ಕೈಮುಗಿದು ಕರೆತಂದೆವು. ಅವರು ವಾರಗಟ್ಟಲೆ ನೀರಿನಲ್ಲಿ ಬಿಟ್ಟ ಸುಣ್ಣಕ್ಕೆ ಮರಳು ಹಾಕಿ, ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರನ್ನು ಬೆರೆಸಿ, ಬಿರುಕು ಬಿಡದಂತೆ ಬೆರಳುದ್ದ ಕತ್ತರಿಸಿದ ತೆಂಗಿನ ನಾರನ್ನು ಸೇರಿಸಿದರು. ಕಲಸಿದ್ದು ಕರಣೆಯಿಂದ ಬೆಣ್ಣೆಯಂತೆ ಜಾರಿದಾಗ ಮಾತ್ರ "ಹದ ಬಂತು" ಎಂದರು. ನನ್ನ ಡಿಗ್ರಿಯ ವಿಷಯವಾಗಿ ಏನನ್ನೂ ಹೇಳಲಿಲ್ಲ. ಅದಕ್ಕಾಗಿ ನಾನು ಇಂದಿಗೂ ಕೃತಜ್ಞ.

"ನಾರು, ಹುಲ್ಲು ಎಷ್ಟು ದಿನ ಬಾಳೀತು?" ಎಂಬ ಪ್ರಶ್ನೆಗೆ ಉತ್ತರ ಹೇಳಿ ಹೇಳಿ, ಕ್ಷಮಿಸಬೇಕು, ನನಗೆ ಸಾಕಾಗಿದೆ. ಎಲ್ಲೋರದ ಗುಹೆಗಳ ಗೋಡೆಗೆ ಮೆತ್ತಿದ ಗಾರೆಯಲ್ಲಿ ಗಾಂಜಾ ಜಾತಿಯ ಗಿಡದ ನಾರು ಇದೆಯೆಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಶತಮಾನಗಳು ಕಳೆದರೂ ಅದು ಅಲ್ಲಿ ನಿಂತಿದೆ.

ಹಳೆಯ ಮನೆಯ ಕಥೆಯೇ ಬಹಳ ಸಮಯ ತೆಗೆದುಕೊಂಡಿತು. ಗೋಡೆಯನ್ನು ಬಿಟ್ಟು, ಮನೆಗೆ ಬಳಸುವ ಬಿದಿರಿನ ಬಗ್ಗೆ ಎರಡೇ ಮಾತು. ಅದರಲ್ಲಿರುವ ಪಿಷ್ಟವೇ ಕುಟ್ಟೆಹುಳುವಿಗೆ ಆಹಾರವಾದ್ದರಿಂದ, ಮೂರರಿಂದ ಐದು ವರ್ಷ ಬಲಿತದ್ದನ್ನೇ ಆರಿಸಿ, ಬೊರಾಕ್ಸ್ ಮತ್ತು ಬೋರಿಕ್ ಆಮ್ಲ ಕರಗಿಸಿದ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ ಬಳಸಬೇಕು. ಬಿದಿರು ಬಡವರ ಸಾಮಗ್ರಿ ಎನ್ನುವವರು ದೇವನಹಳ್ಳಿಯ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್‌ನಲ್ಲಿ ಒಮ್ಮೆ ತಲೆಯೆತ್ತಿ ಚಾವಣಿಯನ್ನು ನೋಡಲಿ. ಇನ್ನು, ಪ್ಲೈವುಡ್ ಕೂಡ ಮರವೇ ಅಲ್ಲವೇ, ಅದನ್ನೇ ಬಳಸಬಾರದೇ ಎಂದರೆ, ಮರವೇನೋ ಹೌದು, ತೊಂದರೆ ಇರುವುದು ಅದರ ಪದರಗಳನ್ನು ಜೋಡಿಸುವ ಅಂಟಿನಲ್ಲಿ. ಅಗ್ಗದ ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಎಂಬ ಅನಿಲ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿಯೇ ಹೇಳಿದೆ.

ಇನ್ನೊಂದು ಮಾತು. ನಾರು ಬೆರೆಸಿದ ಸುಣ್ಣದ ಗಾರೆ ಮಾಡಿಸಿ ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವದ ದಾರಿ ಮತ್ತೆ ಮುಚ್ಚಿದಂತೆಯೇ. ಸುಣ್ಣವನ್ನೇ ಬಳಿಸಿ, ಬಣ್ಣ ಬೇಕಿದ್ದರೆ ಅದಕ್ಕೆ ಕೆಮ್ಮಣ್ಣು ಬೆರೆಸಿ. ಒರಗಿದರೆ ಬೆನ್ನಿಗೆ ಅಂಟುತ್ತದೆ ಎಂಬ ದೂರು ಮನೆಯಲ್ಲಿ ಬಂದರೆ, ಒರಗುವ ಜಾಗದಲ್ಲಿ ಒಂದು ಚಾಪೆ ತೂಗುಹಾಕಿ. ನಮ್ಮ ಮನೆಯಲ್ಲಿ ಹಾಗೆಯೇ ಮಾಡಿದ್ದೇವೆ. ನಮಸ್ಕಾರ.