ತಗಡು, ತುಕ್ಕು ಮತ್ತು ಮುದ್ದೆ ಕೋಲು

ಎಲ್ಲರಿಗೂ ನಮಸ್ಕಾರ. ಕೂಟದವರು ನನಗೆ ಇಪ್ಪತ್ತೈದು ನಿಮಿಷ ಕೊಟ್ಟಿದ್ದಾರೆ. ಆಮೇಲೆ ಬಿಸಿಬೇಳೆಬಾತ್ ಇದೆ. ಅದರ ಜೊತೆ ಪೈಪೋಟಿ ಮಾಡುವ ಧೈರ್ಯ ನನಗಿಲ್ಲ.

ಬರುವ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್. 1995ರಿಂದ ಆಗಸ್ಟ್‌ನ ಮೂರನೇ ಶನಿವಾರ ಡೆಟ್ರಾಯಿಟ್‌ನ ಹಳೆ ಗಾಡಿಗಳೆಲ್ಲ ವುಡ್‌ವರ್ಡ್ ರಸ್ತೆಗೆ ಇಳಿಯುತ್ತವೆ. ಈ ಸಲ ನನ್ನದೂ ಇಳಿಯುತ್ತಿದೆ, ಅದಕ್ಕೇ ಅದನ್ನು ರಿಪೇರಿ ಮಾಡಿದ ಕತೆ ಹೇಳು ಅಂತ ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಈ ಹಾಲ್‌ನಲ್ಲಿ ಅರ್ಧ ಜನ ಕಾರು ಕಂಪನಿಯವರು. ಮಸಲ್ ಕಾರ್ ಅಂದರೆ ಸಾಧಾರಣ ಕಾರಿಗೆ ದೊಡ್ಡ ಎಂಜಿನ್ ಕೂರಿಸಿದ್ದು, ಅದಕ್ಕಿಂತ ಜಾಸ್ತಿ ಶುರು ಮಾಡಿದರೆ ಎದ್ದು ಹೋಗುತ್ತೀರಿ. 1964ರ ಮಾಡೆಲ್‌ನಲ್ಲಿ ಪಾಂಟಿಯಾಕ್‌ನವರು, ಈ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ಹಾಕಬಾರದು ಅನ್ನುವ ತಮ್ಮ ಒಡೆಯ ಜನರಲ್ ಮೋಟಾರ್ಸ್‌ನ ಕಟ್ಟಳೆಗೆ ಚಳ್ಳೆಹಣ್ಣು ತಿನ್ನಿಸಿ, ತಮ್ಮ ಟೆಂಪೆಸ್ಟ್ ಕಾರಿಗೆ 389 ಕ್ಯೂಬಿಕ್ ಇಂಚಿನ ಎಂಜಿನ್ ಇಟ್ಟು, "ಇದು ಹೊಸ ಕಾರಲ್ಲ ಸ್ವಾಮಿ, ಬರೀ ಆಪ್ಷನ್" ಅಂತ ಜಿಟಿಒ ಮಾರಿದ ಕತೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ನನ್ನದು 1968ರ ಜಿಟಿಒ. ಬಣ್ಣ ವರ್ಡೊರೊ ಗ್ರೀನ್. ಮಳೆ ನಿಂತ ಮೇಲೆ ಕಾಫಿ ಎಲೆ ನೋಡಿದ್ದೀರಲ್ಲ, ಹಾಗೆ. ಗಾಡಿಯ ಫ್ಯಾಕ್ಟರಿ ನಂಬರ್ 242 ಅಂತ ಶುರುವಾಗುತ್ತದೆ, ಅಂದರೆ ಅಸಲಿ ಜಿಟಿಒ. ನಂಬರ್ ನೋಡಿ ಕುಣಿದುಕೊಂಡು ತಗೊಂಡೆ. ತಗಡು ನೋಡಲಿಲ್ಲ.

ತಗಡು ನೋಡಿದವರು ನಮ್ಮ ಮೇಷ್ಟ್ರು. ಹೆಸರು ಹೇಳುವುದಿಲ್ಲ, ಅವರಿಗೆ ಇಷ್ಟ ಆಗಲ್ಲ. ಇಲ್ಲಿ ಹೊಸ ಕಾರಿನ ಮೊದಲ ಮಾದರಿ ಮಾಡುವ ಪ್ರೋಟೊಟೈಪ್ ಶಾಪ್‌ಗಳಲ್ಲಿ ಮೂವತ್ತು ವರ್ಷ ತಗಡು ಬಡಿದವರು. ನಮ್ಮೂರಲ್ಲಾಗಿದ್ದರೆ ಟಿಂಕರ್ ಅನ್ನುತ್ತಿದ್ದೆವು. ಬಂದವರೇ ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಬಟ್ಟೆಯಲ್ಲಿ ಸುತ್ತಿ ಗಾಡಿ ಮೈಮೇಲೆ ಆಡಿಸಿದರು. ಅಯಸ್ಕಾಂತ ತಗಡಿಗೆ ಅಂಟುತ್ತದೆ, ತೂತು ಮುಚ್ಚಲು ಮೆತ್ತಿದ ಪುಟ್ಟಿಗೆ ಅಂಟಲ್ಲ. ಹಿಂದಿನ ಚಕ್ರದ ಮೇಲೆ ಬಂತು, ಬಿತ್ತು. ಹಿಂದಿನ ಗಾಜಿನ ಕೆಳಗೆ ಬಂತು, ಬಿತ್ತು. ಮೂರನೇ ಸಲ ಬಿದ್ದಾಗ ಅವರೇ ಎತ್ತಿ ಜೇಬಿಗೆ ಹಾಕಿಕೊಂಡರು, ನನ್ನ ಮರ್ಯಾದೆ ಉಳಿಸಲಿಕ್ಕೆ.

ತುಕ್ಕಿಗೆ ಕಾರಣ ಉಪ್ಪು. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಸುರಿಯುತ್ತಾರಲ್ಲ, ಅದೇ. ಒಂದು ತಮಾಷೆ ಕೇಳಿ. ಡೆಟ್ರಾಯಿಟ್ ಊರಿನ ಅಡಿಯಲ್ಲೇ, ಸಾವಿರ ಅಡಿಗೂ ಕೆಳಗೆ, ಉಪ್ಪಿನ ಗಣಿ ಇದೆ. ಮೇಲೆ ಕಾರು ಮಾಡಿದ ಊರು, ಕೆಳಗೆ ಅದನ್ನು ತಿನ್ನುವ ಉಪ್ಪು. ನಮ್ಮ ಕೆಲಸಗಳು ಎಷ್ಟು ಭದ್ರ ನೋಡಿ!

ಇಲ್ಲಿ ನನ್ನ ಹಠದ ಮಾತು ಶುರುವಾಗುತ್ತದೆ. ಮೊದಲು ಹೋಗಿದ್ದ ಒಂದು ಶಾಪ್‌ನಲ್ಲಿ, ಎರಡೂ ಕಡೆ ಕ್ವಾರ್ಟರ್ ಪ್ಯಾನೆಲ್, ಅಂದರೆ ಹಿಂದಿನ ಚಕ್ರದ ಸುತ್ತಿನ ಪಕ್ಕದ ತಗಡು, ಪೂರ್ತಿ ಕತ್ತರಿಸಿ ಹೊಸದು ಹಾಕಿಬಿಡೋಣ ಅಂದಿದ್ದರು. ಹೊಸ ಪ್ಯಾನೆಲ್ ಸುಲಭವಾಗಿ ಸಿಗುತ್ತದೆ, ನಿಜ. ಮೇಷ್ಟ್ರು ಚಾಕ್‌ಪೀಸ್ ತಗೊಂಡು ತುಕ್ಕಿನ ಸುತ್ತ ನಾಲ್ಕು ಬೆರಳು ಬಿಟ್ಟು ಗೆರೆ ಎಳೆದರು. ಅಷ್ಟೇ ಕತ್ತರಿಸಿದ್ದು. ಅಷ್ಟೇ ತೇಪೆ. ವೆಲ್ಡಿಂಗ್ ಕೂಡ ಒಂದು ಚುಕ್ಕೆ ಇಲ್ಲಿ, ಇನ್ನೊಂದು ಅಲ್ಲಿ, ನಡುವೆ ತಣಿಯಲು ಬಿಟ್ಟು. ಒಂದೇ ಉಸಿರಿಗೆ ಎಳೆದರೆ ತಗಡು ಬಿಸಿಗೆ ಹಪ್ಪಳದ ಹಾಗೆ ಏಳುತ್ತದೆ. ತೆಗೆದು ಹೊಸದು ಹಾಕುವುದು ರಿಪೇರಿ ಅಲ್ಲ, ವ್ಯಾಪಾರ. ಇದನ್ನು ಮನೆಯಲ್ಲೂ ಎಷ್ಟು ಸಲ ಹೇಳಿದ್ದೀನಿ ಅಂದರೆ, ಮಿಕ್ಸಿ ಕೆಟ್ಟರೂ ಹೆಂಡತಿ ನನ್ನನ್ನು ಕೇಳುವುದಿಲ್ಲ, ಸುಮ್ನೆ ಹೊಸದು ತರಿಸುತ್ತಾಳೆ.

ಈಗ ಛಾವಣಿ ಸಂದು. ಈ ಗಾಡಿಯಲ್ಲಿ ಛಾವಣಿ ಬೇರೆ ತಗಡು, ಪಕ್ಕದ್ದು ಬೇರೆ. ಎರಡೂ ಸೇರುವ ಜಾಗವನ್ನು ಫ್ಯಾಕ್ಟರಿಯಲ್ಲಿ ಸೀಸ ತುಂಬಿ ಮುಚ್ಚುತ್ತಿದ್ದರು. ನನ್ನ ಗಾಡಿಯಲ್ಲಿ ಅದು ಬಿಟ್ಟುಕೊಂಡಿತ್ತು. ಪುಟ್ಟಿ ಹಾಕೋಣ ಅಂದೆ. ಮೇಷ್ಟ್ರು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ.

ಮೊದಲು ತಗಡನ್ನು ಥಳಥಳ ಉಜ್ಜಿ, ಲೋಹ ಹಿಡಿಯಲಿ ಅಂತ ಫ್ಲಕ್ಸ್ ಬಳಿದು, ಬಿಸಿ ಮಾಡಿ, ತವರ ಸವರಿ, ಹತ್ತಿ ಬಟ್ಟೆಯಲ್ಲಿ ಸರಕ್ಕನೆ ಒರೆಸಿದರು. ಬೆಳ್ಳಿಯ ಪದರ ಹರಡಿತು. ನಾನು ಕೂಗಿಯೇಬಿಟ್ಟೆ, ಕಲಾಯಿ! ಅಜ್ಜಿ ಮನೆ ಅಂಗಳದಲ್ಲಿ ತಿದಿ ಒತ್ತುತ್ತಾ, ನವಸಾಗರದ ಹೊಗೆ ಎಬ್ಬಿಸಿ, ಹಿತ್ತಾಳೆ ತಪ್ಪಲೆ ಒರೆಸುತ್ತಿದ್ದವನ ಕೈ ಇದೇ ತಾನೆ? ಆಮೇಲೆ ಸೀಸದ ಕಡ್ಡಿ. ಎಪ್ಪತ್ತು ಪಾಲು ಸೀಸ, ಮೂವತ್ತು ಪಾಲು ತವರ. ಇದು ಒಮ್ಮೆಲೇ ಕರಗುವುದಿಲ್ಲ. ಸುಮಾರು 183 ಡಿಗ್ರಿ ಸೆಲ್ಸಿಯಸ್‌ನಿಂದ 255ರ ತನಕ ಗಟ್ಟಿಯೂ ಅಲ್ಲ, ನೀರೂ ಅಲ್ಲ. ಆ ಹೊತ್ತಿನಲ್ಲಿ ಮೇಣ ಸವರಿದ ಮೇಪಲ್ ಮರದ ಕೋಲಿನಿಂದ ತೀಡಿ ಕೂರಿಸಬೇಕು.

ನಾನು ಎಂಜಿನಿಯರ್, ಥರ್ಮಾಮೀಟರ್ ಹಿಡಿದು ನಿಂತಿದ್ದೆ. "ಎಷ್ಟು ಡಿಗ್ರಿಗೆ ಕೋಲು ಹಾಕಬೇಕು?" "ಹೊಳಪು ನೋಡು" ಅಂದರು. ನೋಡಿದೆ. ಒಂದು ಕ್ಷಣ ಜಾಸ್ತಿ ನೋಡಿದೆ ಅಂತ ಕಾಣುತ್ತದೆ, ಸೀಸ ಪೂರ್ತಿ ಜಾರಿ ನನ್ನ ಶೂ ಮೇಲೆ ಬಿತ್ತು. ಐದನೇ ಸಲಕ್ಕೆ ನನ್ನ ತಲೆಗೆ ಹೊಳೆಯಿತು. ಇದು ಮುದ್ದೆ! ಹಿಟ್ಟು ಬೆಂದು, ಕೋಲು ತಿರುವಿದರೆ ಕೂಡಿಕೊಂಡು ಬರುವ ಹದ. ನಮ್ಮಮ್ಮ ಯಾವತ್ತು ಡಿಗ್ರಿ ನೋಡಿದ್ದರು? ನಾವು ಡ್ರಾಯಿಂಗ್‌ನಲ್ಲಿ ಟಾಲರೆನ್ಸ್, ಅಂದರೆ ಅಳತೆ ಎಷ್ಟು ಆಚೀಚೆ ಆಗಬಹುದು ಅಂತ ಬರೆಯುತ್ತೇವೆ, ಹದ ಬರೆಯಲು ಜಾಗವೇ ಇಲ್ಲ. ಮೇಷ್ಟ್ರಿಗೆ ಮುದ್ದೆ ಏನು ಅಂತ ವಿವರಿಸಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಮನೆಗೆ ಕರೆದು ಉಣ್ಣಿಸಿದೆ. ಅಗಿದರು, ಪಾಪ. ನುಂಗಬೇಕು ಅಂತ ಹೇಳುವುದು ಮರೆತಿದ್ದೆ.

ಹುಷಾರು, ಸೀಸದ ಮೇಲೆ ಮೆಷಿನ್ ಸ್ಯಾಂಡರ್ ಹಿಡಿಯಬೇಡಿ, ಧೂಳು ವಿಷ. ಮಾಸ್ಕ್ ಹಾಕಿಕೊಂಡು ಅರ ಹಿಡಿದು ತೀಡಬೇಕು. ಕೊನೆಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಫ್ಲಕ್ಸ್‌ನ ಆಸಿಡ್ ಒಳಗೇ ಉಳಿದು ಬಣ್ಣ ಗುಳ್ಳೆ ಏಳುತ್ತದೆ. ನಾನು ತೊಳೆಯಲಿಲ್ಲ. ಎದ್ದಿತು. ಮೇಷ್ಟ್ರು ಏನೂ ಅನ್ನದೆ ಅರ ಕೈಗೆ ಕೊಟ್ಟರು. ಪೂರ್ತಿ ತೆಗೆದು ಇನ್ನೊಮ್ಮೆ.

ಅಯ್ಯೋ, ಚೀಟಿ ಬಂತು. ಐದು ನಿಮಿಷ ಅಂತೆ. ಎಂಜಿನ್ ಬಗ್ಗೆ ಹತ್ತು ಸ್ಲೈಡ್ ಇತ್ತು, ಹೋಗಲಿ ಬಿಡಿ. 400 ಕ್ಯೂಬಿಕ್ ಇಂಚು, ಕಂಪ್ರೆಷನ್ 10.75. ಅಷ್ಟು ಒತ್ತಡದಲ್ಲಿ ಇವತ್ತಿನ ಬಂಕಿನ ಪೆಟ್ರೋಲ್ ಹಾಕಿದರೆ ಅದು ನಾಕ್ ಹೊಡೆಯುತ್ತದೆ, ಅಂದರೆ ಒಳಗೇ ಕಟಕಟ ಅನ್ನುತ್ತದೆ. ಒತ್ತಡ ತಗ್ಗಿಸಲು ಪಿಸ್ಟನ್ ತೆಗೆದು ಹೊಸದು ಹಾಕಿದೆವು. ಹೌದು, ತೆಗೆದು ಹೊಸದು ಹಾಕಿದೆವು. ನಗಬೇಡಿ. ಮುಚ್ಚುವ ಹೆಡ್‌ಲೈಟ್ ವ್ಯಾಕ್ಯೂಮ್‌ನಲ್ಲಿ ತೆರೆಯುತ್ತದೆ. ಒಂದು ಕಣ್ಣು ಮೊದಲು, ಇನ್ನೊಂದು ಅದಕ್ಕೆ ಮನಸ್ಸು ಬಂದಾಗ.

ಗಾಡಿ ಹೊರಗೆ ನಿಂತಿದೆ, ಊಟ ಮಾಡಿ ನೋಡಿ. ಒಂದು ಕಡೆಯ ಛಾವಣಿ ಸಂದು ಮೇಷ್ಟ್ರದ್ದು, ಇನ್ನೊಂದು ನನ್ನದು. ಬಿಸಿಲಿಗೆ ಓರೆಯಾಗಿ ನಿಂತು ನೋಡಿದರೆ ಯಾವುದು ಯಾರದ್ದು ಅಂತ ಗೊತ್ತಾಗುತ್ತದೆ. ಗೊತ್ತಾದವರು ನನಗೆ ಹೇಳಬೇಡಿ.