ನ್ಯೆರೇರೆ ಕೈ ಶುದ್ಧ, ಸರಿ. ಆಮೇಲೆ?

ಪೂರ್ವ ಆಫ್ರಿಕಾದ ಟಾಂಜಾನಿಯಾದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೇರೆ ಮಾತು ಬಂದ್ರೆ ಸಾಕು, "ಒಂದು ಪೈಸೆ ಮುಟ್ಟದ ಮನುಷ್ಯ" ಅಂತಲೇ ಶುರು ಮಾಡ್ತಾರೆ. ಸುಳ್ಳಲ್ಲ. 1961ರ ಡಿಸೆಂಬರ್‌ನಲ್ಲಿ ಟ್ಯಾಂಗನೀಕ (ಇವತ್ತಿನ ಟಾಂಜಾನಿಯಾದ ಮುಖ್ಯ ಭಾಗ) ಸ್ವತಂತ್ರ ಆಯ್ತು, ಇವರು ಪ್ರಧಾನಿ ಆದ್ರು. ಎರಡು ತಿಂಗಳು ತುಂಬೋಕೆ ಮುಂಚೆ ಕುರ್ಚಿ ಬಿಟ್ಟು, ಪಕ್ಷ ಕಟ್ತೀನಿ ಅಂತ ಊರೂರಿಗೆ ಹೊರಟ್ರು. ವರ್ಷದ ಕೊನೆಗೆ ಅಧ್ಯಕ್ಷರಾಗಿ ವಾಪಸ್ ಬಂದ್ರು, ಅದು ಬೇರೆ ಮಾತು!

1966ರಲ್ಲಿ ಆಗಿನ ರಾಜಧಾನಿ ದಾರ್ ಎಸ್ ಸಲಾಮ್‌ನ ವಿದ್ಯಾರ್ಥಿಗಳು ಕಡ್ಡಾಯ ರಾಷ್ಟ್ರಸೇವೆ ವಿರೋಧಿಸಿ ಬೀದಿಗಿಳಿದ್ರು, ದೊಡ್ಡವರ ಸಂಬಳದ ಬಗ್ಗೆನೂ ಕೇಳಿದ್ರು. ನ್ಯೆರೇರೆ ಸಿಟ್ಟಲ್ಲೇ ತಮ್ಮ ಸಂಬಳ ಶೇ 20ರಷ್ಟು ಕಡಿತ ಮಾಡ್ಕೊಂಡ್ರು. ಅಭಿಮಾನಿಗಳು ಕತೆಯನ್ನ ಇಲ್ಲಿಗೇ ನಿಲ್ಲಿಸ್ತಾರೆ. ಪ್ರಶ್ನೆ ಕೇಳಿದ ಮುನ್ನೂರಕ್ಕೂ ಹೆಚ್ಚು ಹುಡುಗರನ್ನ ಕಾಲೇಜು ಬಿಡಿಸಿ ಮನೆಗೆ ಕಳಿಸಿದ್ರು, ಅದನ್ನ ಹೇಳೋದೇ ಇಲ್ಲ.

ನನ್ನ ತಕರಾರು ಇದೇ. ಕದಿಯೋ ನಾಯಕನನ್ನ ಜನ ಅನುಮಾನಿಸ್ತಾರೆ. ಕದಿಯದವನ ತಪ್ಪು ಯೋಜನೆಯನ್ನ ಅನುಮಾನಿಸೋಕೆ ಯಾರಿಗೂ ಬಾಯಿ ಬರಲ್ಲ. ಬಂದ್ರೂ ಎಲ್ಲಿ ಮಾತಾಡೋದು? ವಿಚಾರಣೆ ಇಲ್ಲದೆ ಬಂಧಿಸೋ ಕಾನೂನು 1962ರಲ್ಲೇ ಬಂದಿತ್ತು, 1965ಕ್ಕೆ ಒಂದೇ ಪಕ್ಷ.

ರುವುಮಾ ಪ್ರದೇಶದ ರೈತರನ್ನ ನೋಡಿ. ಲಿಟೋವ ಅನ್ನೋ ಹಳ್ಳಿಯಿಂದ ಶುರುವಾಗಿ, ಯಾರ ಬಲವಂತವೂ ಇಲ್ಲದೆ ಸಂಘ ಕಟ್ಟಿ ಕೂಡಿ ದುಡಿದ್ರು, ತಮ್ಮದೇ ಶಾಲೆ ನಡೆಸಿದ್ರು. ದೇಶದ ದಾರಿ ಸಮಾಜವಾದ ಅಂತ ಸಾರಿದ 1967ರ ಅರುಷಾ ಘೋಷಣೆ ಆದ್ಮೇಲೆ ನ್ಯೆರೇರೆ ಹೇಳ್ತಿದ್ದ 'ಉಜಾಮಾ', ಅಂದ್ರೆ ಹಳ್ಳಿಯವರೆಲ್ಲ ಒಂದೇ ಕುಟುಂಬದ ಹಾಗೆ ಕೂಡಿ ದುಡಿಯೋದು, ಅಲ್ಲಿ ಆಗ್ಲೇ ನಡೀತಿತ್ತು. ಅವರೇ ಮೆಚ್ಚಿಕೊಂಡಿದ್ರು ಕೂಡ. ಆದ್ರೆ ಆ ರೈತರು ಪಕ್ಷದ ಅಧಿಕಾರಿಗಳ ಅಪ್ಪಣೆಗೆ ಕಾಯ್ತಿರಲಿಲ್ಲ. 1969ರಲ್ಲಿ ಪಕ್ಷ ಆ ಸಂಘವನ್ನೇ ಮುಚ್ಚಿಸ್ತು. ಅಧ್ಯಕ್ಷತೆ ಯಾರದ್ದು? ನ್ಯೆರೇರೆಯವರದ್ದೇ.

ತಾವಾಗೇ ಮಾಡ್ತಿದ್ದವರನ್ನ ಬಿಡಿಸಿ, 1973ರಿಂದ ಅದೇ ಉಜಾಮಾ ಹೆಸರಲ್ಲಿ ಹಳ್ಳಿ ವಾಸವನ್ನ ಬೇಡ ಅಂದವರಿಗೆ ಹೇರಿದ್ರು. ಲಕ್ಷಾಂತರ ಜನರನ್ನ ಎಬ್ಬಿಸಿ ಹೊಸ ಹಳ್ಳಿಗಳಿಗೆ ಸಾಗಿಸಿದ್ರು, ವಾಪಸ್ ಹೋಗಬಾರದು ಅಂತ ಕೆಲವು ಕಡೆ ಹಳೇ ಮನೆಗಳಿಗೆ ಬೆಂಕಿ ಇಟ್ರು. ಅದೇ ಹೊತ್ತಿಗೆ ಮಳೆನೂ ಕೈಕೊಟ್ತು, ದೇಶ ಧಾನ್ಯ ಆಮದು ಮಾಡ್ಕೋಬೇಕಾಯ್ತು.

ನೂರಕ್ಕೂ ಹೆಚ್ಚು ಬುಡಕಟ್ಟುಗಳ ದೇಶ ಒಡೀದೆ ಉಳೀತು, ಸ್ವಾಹಿಲಿ ಎಲ್ಲರ ಭಾಷೆ ಆಯ್ತು, ಹಳ್ಳಿ ಮಕ್ಕಳು ಅಕ್ಷರ ಕಲಿತ್ರು. ಆ ಋಣ ನಾನು ಅಲ್ಲಗಳೆಯಲ್ಲ. 1985ರಲ್ಲಿ ತಾವಾಗೇ ಅಧ್ಯಕ್ಷ ಸ್ಥಾನ ಬಿಟ್ರು. 1990ರಲ್ಲಿ, ಬಹುಪಕ್ಷ ಬೇಕಾ ಅಂತ ಚರ್ಚೆ ಮಾಡೋದು ಅಪರಾಧ ಅಲ್ಲ ಅಂದವರೂ ಅವರೇ. ಅಷ್ಟು ಹೊತ್ತಿಗೆ ರುವುಮಾ ಸಂಘ ಮುಚ್ಚಿ 21 ವರ್ಷ ಆಗಿತ್ತು.